ಹನ್ನೊಂದನೆಯ ಅಂಕಿ

ಸರಕು ಗಾಡಿ ನಿಧಾನವಾಗಿ ಯಾರ್ಡಿನೊಳಗೆ ಬರುವಾಗ ಹಳಿಯ ಎರಡೂ ಬದಿಯಲ್ಲಿ ಒಬ್ಬೊಬ್ಬರು ಕುಕ್ಕರುಗಾಲಿನಲ್ಲಿ ಕೂತು ಚಕ್ರಗಳನ್ನು ನೋಡುತ್ತೇವೆ. ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತೇವೆ. ರೋಲಿಂಗ್ ಇನ್ ಎಂದು ಇದರ ಹೆಸರು. ಬ್ರೇಕ್ ಬಿಡದೆ ಉಜ್ಜಿಕೊಂಡು ಬಂದ ಚಕ್ರ ಒಂದು ಕಡೆ ಸವೆದು ಚಪ್ಪಟೆಯಾಗಿರುತ್ತದೆ. ಅದಿರು, ಕಲ್ಲಿದ್ದಲು ಸಾಗಿಸುವ ತೆರೆದ ವ್ಯಾಗನ್ನಿನ ಹೊಸ ಚಕ್ರಕ್ಕೆ 1 ಮೀಟರ್ ವ್ಯಾಸ. ಹಾಗಾಗಿ ಚಪ್ಪಟೆಯಾದ ಚಕ್ರ ಸುಮಾರು 3 ಮೀಟರಿಗೊಮ್ಮೆ ಹಳಿಗೆ ಬಡಿಯುತ್ತದೆ. ಚಪ್ಪಟೆ ಭಾಗ 60 ಮಿಲಿಮೀಟರ್ ದಾಟಿತೆಂದರೆ ಆ ವ್ಯಾಗನ್ ಮುಂದೆ ಹೋಗುವಂತಿಲ್ಲ. ಅದನ್ನು ‘ಸಿಕ್’, ಅಂದರೆ ದುರಸ್ತಿ ಬೇಕಾದದ್ದು, ಎಂದು ಬರೆದು ರೇಕಿನಿಂದ (ಜೋಡಿಸಿದ ವ್ಯಾಗನ್ನುಗಳ ಸಾಲಿನಿಂದ) ಬಿಡಿಸಬೇಕು.

ಕೆಲಸಕ್ಕೆ ಸೇರಿದ ಮೂರನೆಯ ಮಳೆಗಾಲದ ಒಂದು ರಾತ್ರಿ ಆ ಬಡಿತ ನನಗೆ ಸ್ಪಷ್ಟವಾಗಿ ಕೇಳಿತು. ಅದಿರು ತುಂಬಿದ 58 ವ್ಯಾಗನ್ನುಗಳ ರೇಕ್. ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿ, ಸಂಖ್ಯೆ ಬರೆದುಕೊಂಡು, ಮೆಮೊ ಕೊಟ್ಟೆ. ಮಳೆ ಗುರುತನ್ನು ತೊಳೆದುಬಿಟ್ಟಿತ್ತು. ಶಂಟಿಂಗ್ ಸಿಬ್ಬಂದಿ ಮೆಮೊ ಹಿಡಿದು ಹುಡುಕಿದರೆ ಆ ಸಂಖ್ಯೆಯ ವ್ಯಾಗನ್ ರೇಕಿನಲ್ಲಿ ಇರಲೇ ಇಲ್ಲ. ಕೊನೆಗೆ ನಾನೇ ಟಾರ್ಚ್ ಹಿಡಿದು, ಆರುನೂರು ಮೀಟರಿಗೂ ಉದ್ದದ ಗಾಡಿಯ ಪಕ್ಕ ನಡೆಯುತ್ತ ಒಂದೊಂದೇ ಚಕ್ರ ತಡವಿ ಅದನ್ನು ಕಂಡುಹಿಡಿದೆ. 48 ಎಂದು ಇರುವಲ್ಲಿ 84 ಎಂದು ಬರೆದಿದ್ದೆ. ಗಾಡಿ ಎರಡು ಗಂಟೆ ನಿಂತಿತು. ನಮ್ಮ ಹಿರಿಯರು ಬೈಯಲಿಲ್ಲ. “ಕಿವಿ ಸರಿಯಾಗಿದೆ, ಕೈ ಸರಿಯಿಲ್ಲ” ಎಂದಷ್ಟೇ ಹೇಳಿದರು. ಆ ಮಾತು ಬಹಳ ದಿನ ಕೊರೆಯಿತು.

ಕೈ ಸರಿಯಾದದ್ದು ಇಲಾಖೆಯ ಹೊರಗಿನವರಿಂದ. ಯಾರ್ಡಿನ ಮೇಲಿನ ಕಾಲುಸೇತುವೆಯಲ್ಲಿ ಭಾನುವಾರಗಳಂದು ಕ್ಯಾಮೆರಾ ಹಿಡಿದ ಮೂರು ನಾಲ್ಕು ಮಂದಿ ನಿಲ್ಲುತ್ತಿದ್ದರು. ಹಳಿಗೆ ಇಳಿಯುತ್ತಿರಲಿಲ್ಲ, ಯಾರಿಗೂ ಅಡ್ಡ ಬರುತ್ತಿರಲಿಲ್ಲ. ಎಂಜಿನ್ನಿನ ಫೋಟೊ ತೆಗೆಯುವವರನ್ನು ಕಂಡಿದ್ದೆ. ಇವರು ವ್ಯಾಗನ್ನುಗಳ ಫೋಟೊ ತೆಗೆಯುತ್ತಿದ್ದರು. ಒಂದು ದಿನ ಕೆಲಸ ಮುಗಿಸಿ ಸೇತುವೆ ಹತ್ತಿದಾಗ ಅವರಲ್ಲೊಬ್ಬ ಹುಡುಗ ಗಟ್ಟಿಯಾಗಿ ಓದುತ್ತಿದ್ದ: “ಇಪ್ಪತ್ತೆರಡು, ಹದಿನೈದು, ಹತ್ತು; ನಲವತ್ತೆಂಟು ಮೂವತ್ತೇಳು; ಮೂರು.” ಒಂದು ಕ್ಷಣ ತಡೆದು, “ಸರಿ ಇದೆ” ಎಂದು ನೋಟ್‌ಬುಕ್ಕಿನಲ್ಲಿ ಬರೆದ.

“ಸರಿ ಇದೆ ಎಂದು ಹೇಗೆ ಗೊತ್ತಾಯಿತು?” ಎಂದು ಕೇಳಿದೆ.

ನಮ್ಮ ವ್ಯಾಗನ್ ಸಂಖ್ಯೆಯಲ್ಲಿ 11 ಅಂಕಿಗಳು. ಮೊದಲ ಎರಡು ವ್ಯಾಗನ್ನಿನ ಬಗೆ, ಮುಂದಿನ ಎರಡು ಅದು ಯಾವ ವಲಯದ್ದು ಎಂಬುದು (15 ಎಂದರೆ ನಮ್ಮ ನೈಋತ್ಯ ರೈಲ್ವೆ), ಆಮೇಲಿನ ಎರಡು ತಯಾರಾದ ವರ್ಷ, ನಂತರದ ನಾಲ್ಕು ಅದರ ಸ್ವಂತ ಸಂಖ್ಯೆ. ಇಷ್ಟು ನನಗೂ ಗೊತ್ತಿತ್ತು. ಕೊನೆಯ ಅಂಕಿ ಉಳಿದ ಹತ್ತನ್ನು ಪರೀಕ್ಷಿಸುವುದಕ್ಕೆ ಇದೆ ಎಂದು ತರಬೇತಿಯಲ್ಲಿ ಕೇಳಿ ಮರೆತಿದ್ದೆ. ಹುಡುಗ ಲೆಕ್ಕ ಮಾಡಿ ತೋರಿಸಿದ. ಸಮ ಸ್ಥಾನದ ಅಂಕಿಗಳನ್ನು ಕೂಡಿ ಮೂರರಿಂದ ಗುಣಿಸಬೇಕು: 22, ಅಂದರೆ 66. ಬೆಸ ಸ್ಥಾನದ ಮೊದಲ ಐದು ಅಂಕಿಗಳ ಮೊತ್ತ 11. ಎರಡೂ ಸೇರಿ 77. 80 ಆಗಲು ಬೇಕಾದದ್ದು 3. ಅದೇ ಹನ್ನೊಂದನೆಯ ಅಂಕಿ.

ಆ ಸಂಖ್ಯೆ ನನ್ನ ತಪ್ಪಿನ ವ್ಯಾಗನ್ನಿನದೇ. ಅಂದು ಸಿಕ್ ಲೈನಿನಲ್ಲಿ ನಿಂತಿತ್ತು. ನಾನು ಬರೆದಿದ್ದಂತೆ 84 ಹಾಕಿ ಕೂಡಿಸಿ ನೋಡಿದೆ: 69. ಕೊನೆಯ ಅಂಕಿ 1 ಆಗಬೇಕಿತ್ತು. ಮಳೆಯಲ್ಲಿ ಅರ್ಧ ನಿಮಿಷ ನಿಂತು ಕೂಡಿದ್ದರೆ ಎರಡು ಗಂಟೆ ಉಳಿಯುತ್ತಿತ್ತು. ಅಂದಿನಿಂದ ಸಂಖ್ಯೆಯನ್ನು ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದುತ್ತೇನೆ, ಕೂಡಿದ ಮೇಲೆಯೇ ಬರೆಯುತ್ತೇನೆ. ಹೊಸಬರಿಗೂ ಹಾಗೆಯೇ ಕಲಿಸುತ್ತೇನೆ.

ಆ ಹುಡುಗನ ಪ್ರತಿ ಫೋಟೊದ ಜೊತೆ ಸಂಖ್ಯೆ, ಊರು, ದಿನ, ಗಾಡಿ ಹೊರಟ ದಿಕ್ಕು ಇರುತ್ತವೆ. ಸೂರ್ಯಾಸ್ತದ ಮುಂದೆ ಸಾಗುವ ಗಾಡಿಯ ಚಿತ್ರ ಚೆಂದವೇ. ಆದರೆ ಮೂವತ್ತು ವರ್ಷದ ನಂತರ ಬಾಯಿ ಬಿಟ್ಟು ಮಾತನಾಡುವುದು ಈ ನಾಲ್ಕು ವಿವರಗಳಿರುವ ಚಿತ್ರ ಎಂದು ನಾನು ನಂಬುತ್ತೇನೆ. ಒಮ್ಮೆ ಅವರ ಬಳಗದ ಹಿರಿಯರೊಬ್ಬರು ರೀಲ್ ಕ್ಯಾಮೆರಾದ ಕಾಲದ ಒಂದು ಚಿತ್ರ ತಂದಿದ್ದರು: ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಮೀಟರ್ ಗೇಜ್ ಸರಕು ಗಾಡಿ. 1979ರಲ್ಲಿ ತೆರೆದ, 57 ಸುರಂಗಗಳ, 50ಕ್ಕೆ 1ರ, ಅಂದರೆ 50 ಮೀಟರಿಗೆ 1 ಮೀಟರ್ ಇಳಿಯುವ, ಇಳಿಜಾರಿನ ದಾರಿ ಅದು. ಚಿತ್ರವನ್ನು ಅಲ್ಲಿ ದುಡಿದು ನಿವೃತ್ತರಾದ ನಮ್ಮ ವಿಭಾಗದ ಅಜ್ಜನ ಮನೆಗೆ ಒಯ್ದೆ. ಅವರು ಎಂಜಿನ್ ನೋಡಲಿಲ್ಲ. ಎರಡು ವ್ಯಾಗನ್ನುಗಳ ನಡುವಿನ ನಿರ್ವಾತ ಬ್ರೇಕಿನ ಕೊಳವೆಯ ಮೇಲೆ ಬೆರಳಿಟ್ಟು, “ಇದನ್ನು ಮುಟ್ಟಿ ನೋಡದೆ ಒಂದು ಗಾಡಿಯನ್ನೂ ಕೆಳಗೆ ಬಿಟ್ಟವನಲ್ಲ ನಾನು” ಎಂದರು. ಆಮೇಲೆ ಎರಡು ಗಂಟೆ ಮಾತನಾಡಿದರು. ಅಷ್ಟನ್ನೂ ಬರೆದುಕೊಂಡು ಚಿತ್ರ ತೆಗೆದವರಿಗೆ ಕಳುಹಿಸಿದೆ.

ಹೋದ ತಿಂಗಳು ಹುಡುಗನಿಂದ ಮೊಬೈಲಿಗೆ ಒಂದು ಫೋಟೊ ಬಂತು. ಕ್ಯಾಸಲ್‌ರಾಕ್ ನಿಲ್ದಾಣ, ಬೆಳಗಿನ ಮಂಜು. ಮರ್ಮಗೋವಾ ಕಡೆಯಿಂದ ಕಲ್ಲಿದ್ದಲು ಹೇರಿಕೊಂಡು, 37ಕ್ಕೆ 1ರ ಏರನ್ನು ಹತ್ತಿ ಬಂದ ರೇಕ್. ಹಿಂದಿನಿಂದ ದೂಡುವ ಎಂಜಿನ್ನುಗಳು ಇನ್ನೂ ಬಿಟ್ಟಿಲ್ಲ. “ಸರ್, ನಡುವಿನ ವ್ಯಾಗನ್ ನೋಡಿ” ಎಂದು ಬರೆದಿದ್ದ. ಚಿತ್ರ ಹಿಗ್ಗಿಸಿ ಗಟ್ಟಿಯಾಗಿ ಓದಿದೆ. ಇಪ್ಪತ್ತೆರಡು, ಹದಿನೈದು, ಹತ್ತು, ನಲವತ್ತೆಂಟು ಮೂವತ್ತೇಳು. ಕೂಡಿದೆ. ಮೂರು ಬಂತು.