ಎಂಜಿನ್ನೇ ಇಲ್ದೆ ಹಾರಿದ ಫೈಟರ್ ವಿಮಾನ

ನ್ಯೂ ತಿಪ್ಪಸಂದ್ರದಲ್ಲಿ ಆರು ವರ್ಷ ಬಾಡಿಗೆಗಿದ್ದೆ. ದಿನಾ ಬೆಳಗ್ಗೆ ಸಂಜೆ ಸುರಂಜನ್ ದಾಸ್ ರೋಡಲ್ಲಿ ಟ್ರಾಫಿಕ್‌ಗೆ ಸಿಕ್ಕಾಕೊಂಡು ಬೈಕೊಳ್ತಾ ಇದ್ದೋನು ನಾನು, ಆದ್ರೆ ಈ ಸುರಂಜನ್ ದಾಸ್ ಯಾರಪ್ಪಾ ಅಂತ ಒಂದಿನಾನೂ ಯೋಚ್ನೆ ಬಂದಿರ್ಲಿಲ್ಲ. ಯಾರೋ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ ಇರ್ಬೇಕು ಅನ್ಕೊಂಡಿದ್ದೆ, ಅಷ್ಟೇ. ಮೊನ್ನೆ ನೆಂಟರ ಮಕ್ಕಳನ್ನ ಕಸ್ತೂರಬಾ ರೋಡಿನ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರ್ಕೊಂಡು ಹೋದಾಗ ಅಲ್ಲಿ ಹೊರಗಡೆ ನಿಲ್ಸಿರೋ ವಿಮಾನ ನೋಡಿದ್ವಿ, ಮಕ್ಕಳು ಫೋಟೋ ತೆಗೆಸ್ಕೊಂಡು ಐಸ್‌ಕ್ರೀಮ್ ಕಡೆ ಓಡಿದ್ರು, ನಾನು ಮನೆಗೆ ಬಂದು ಅದರ ಕಥೆ ಓದ್ತಾ ಕೂತೋನು ರಾತ್ರಿ ಎರಡು ಗಂಟೆವರೆಗೂ ಏಳ್ಲಿಲ್ಲ.

ಅದು ಎಚ್‌ಎಫ್-24 ಮಾರುತ್. ನಮ್ಮ ದೇಶದಲ್ಲೇ ಡಿಸೈನ್ ಆದ ಮೊದಲ ಜೆಟ್ ಫೈಟರ್, ಹುಟ್ಟಿದ್ದು ಇಲ್ಲೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಡಿಸೈನ್ ಮಾಡಿದ್ದು ಕುರ್ಟ್ ಟ್ಯಾಂಕ್ ಅನ್ನೋ ಜರ್ಮನ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಫೋಕ್‌ವುಲ್ಫ್ 190 ಅನ್ನೋ ಫೈಟರ್ ಮಾಡಿದ್ದು ಇವರೇ. ಯುದ್ಧ ಸೋತ ಮೇಲೆ ಪೆಡ್ರೊ ಮಾಥೀಸ್ ಅಂತ ಹೆಸರು ಬದಲಾಯಿಸ್ಕೊಂಡು ಅರ್ಜೆಂಟೀನಾಗೆ ಹೋದ್ರು, ಅಲ್ಲಿ ಕೊರ್ಡೊಬಾದಲ್ಲಿ ಪುಲ್ಕಿ-2 ಅನ್ನೋ ಜೆಟ್ ಮಾಡಿದ್ರು. ಬರೀ ಡ್ರಾಯಿಂಗ್ ಬೋರ್ಡ್ ಮುಂದೆ ಕೂರೋ ಆಸಾಮಿ ಅಲ್ಲ, ತಾನು ಮಾಡಿದ್ದನ್ನ ತಾನೇ ಹತ್ತಿ ಹಾರಿಸ್ತಿದ್ರು, ಐವತ್ತು ದಾಟಿದ ಮೇಲೂ ಪುಲ್ಕಿನ ಹಾರಿಸಿದ್ದಾರೆ. 1955ರಲ್ಲಿ ಅಲ್ಲಿ ಪೆರೋನ್ ಸರ್ಕಾರ ಬಿತ್ತು, ಮರುವರ್ಷ ಟ್ಯಾಂಕ್ ಬೆಂಗಳೂರಿಗೆ ಬಂದ್ರು. ನಾಜಿ ಜರ್ಮನಿಗೆ ಯುದ್ಧವಿಮಾನ ಮಾಡಿಕೊಟ್ಟೋರನ್ನ ನೆಹರೂ ಕಾಲದ ಭಾರತ ಕರೆಸ್ಕೊಂಡಿದ್ದು ನನಗೆ ಇವತ್ತಿಗೂ ಸ್ವಲ್ಪ ಇರಿಸುಮುರಿಸೇ, ಆದ್ರೆ ಆ ಕಾಲದಲ್ಲಿ ಅಮೆರಿಕ, ರಷ್ಯ ಎಲ್ರೂ ಮಾಡಿದ್ದು ಅದನ್ನೇ ಬಿಡಿ.

ಎಚ್‌ಎಎಲ್‌ನವರು ಅಲ್ಲಿವರೆಗೆ ಸ್ವಂತವಾಗಿ ಡಿಸೈನ್ ಮಾಡಿ ಹೆಸರು ಮಾಡಿದ್ದು ಅಂದ್ರೆ ವಿ.ಎಂ. ಘಾಟಗೆ ಅವರ ಎಚ್‌ಟಿ-2, 1951ರಲ್ಲಿ ಹಾರಿದ ಫ್ಯಾನಿನ ಟ್ರೈನರ್ ವಿಮಾನ. ಅಲ್ಲಿಂದ ಸೀದಾ ಶಬ್ದದ ಎರಡು ಪಟ್ಟು ವೇಗದ ಫೈಟರ್ ಬೇಕು ಅಂದ್ರು ವಾಯುಪಡೆಯವರು. ಸೈಕಲ್ ಕಲ್ತೋನಿಗೆ ಬುಲೆಟ್ ಬೈಕ್ ಕೊಟ್ಟಂಗೆ.

ಇಲ್ಲಿಂದ ಮುಂದಿಂದು ನನಗೆ ತುಂಬಾ ಇಷ್ಟ ಆಗಿದ್ದು. ಟ್ಯಾಂಕ್ ಟೀಮು ನೇರವಾಗಿ ಜೆಟ್ ಕಟ್ಟೋಕೆ ಕೈ ಹಾಕ್ಲಿಲ್ಲ. ಮೊದ್ಲು ಮರದಲ್ಲಿ ಒಂದು ಮಾರುತ್ ಮಾಡಿದ್ರು! ಮೇಜಿನ ಮೇಲಿಡೋ ಮಾಡೆಲ್ ಅಲ್ಲ ಸ್ವಾಮಿ, ಅಷ್ಟೇ ಉದ್ದ, ಅಷ್ಟೇ ಅಗಲ, ಅದೇ ಹಿಂದಕ್ಕೆ ಬಾಗಿದ ರೆಕ್ಕೆ, ಫ್ಲ್ಯಾಪು, ಏರ್ ಬ್ರೇಕು, ಒಳಗೆ ಮಡಚ್ಕೊಳೋ ಚಕ್ರ ಎಲ್ಲಾ ಇತ್ತು, ಎಂಜಿನ್ ಒಂದು ಬಿಟ್ಟು. ಅದರ ಹೆಸರು ಎಕ್ಸ್-241. 1959ರಲ್ಲಿ ಅದನ್ನ ಹಗ್ಗ ಕಟ್ಟಿ ಡಕೋಟಾ ವಿಮಾನದ ಹಿಂದೆ ಎಳ್ಕೊಂಡು ಮೇಲೆ ಹೋಗೋದು, ಎತ್ತರಕ್ಕೆ ಹೋದ ಮೇಲೆ ಹಗ್ಗ ಬಿಚ್ಚೋದು, ಆಮೇಲೆ ಪೈಲಟ್ಟುಂಟು ಗಾಳಿಯುಂಟು. (ನಮ್ಮ ಕಡೆ ಗಡಗಡ ಅನ್ನೋ ಹಳೇ ವಾಹನಕ್ಕೆ ಡಕೋಟಾ ಗಾಡಿ ಅಂತೀವಲ್ಲ, ಅದೇ ಡಕೋಟಾ. ನಮ್ಮ ಮೊದಲ ಜೆಟ್ ಫೈಟರನ್ನ ಆಕಾಶಕ್ಕೆ ಎಳ್ಕೊಂಡು ಹೋಗಿದ್ದು ಡಕೋಟಾ ಗಾಡಿ ಅಂದ್ರೆ ಯಾರಾದ್ರೂ ನಂಬ್ತಾರಾ.)

ಮಾಮೂಲಿ ಗ್ಲೈಡರಿಗೆ ಉದ್ದುದ್ದ ರೆಕ್ಕೆ ಇರುತ್ತೆ, ಹದ್ದಿನ ಥರ ತೇಲ್ತಾ ಇರುತ್ತೆ. ಇದು ಹಾಗಲ್ಲ, ವೇಗಕ್ಕೆ ಅಂತ ಮಾಡಿರೋ ಗಿಡ್ಡ ರೆಕ್ಕೆ, ತೇಲೋಕಿಂತ ಇಳಿಯೋದೇ ಜಾಸ್ತಿ, ರನ್‌ವೇಗೆ ಬರುವಾಗ ಅಂದಾಜು ತಪ್ಪಿದ್ರೆ ಇನ್ನೊಂದು ಸುತ್ತು ಹಾಕ್ಕೊಂಡು ಬರ್ತೀನಿ ಅನ್ನೋಕೆ ಎಂಜಿನ್ನೂ ಇಲ್ಲ. ಅಂಥದ್ರಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಲ ಹಾರಿಸಿದ್ದಾರೆ ಅಂದ್ರೆ ಆ ಪೈಲಟ್‌ಗಳ ಗುಂಡಿಗೆ ಎಂಥದ್ದಿರ್ಬೇಕು. ಕಮ್ಮಿ ವೇಗದಲ್ಲಿ ವಿಮಾನ ಮಾತು ಕೇಳುತ್ತಾ, ಲ್ಯಾಂಡಿಂಗ್ ಹೆಂಗಿರುತ್ತೆ, ಇದೆಲ್ಲಾ ನಿಜವಾದ ಜೆಟ್ ತಯಾರಾಗೋ ಮುಂಚೆನೇ ಗೊತ್ತಾಗಿಹೋಯ್ತು. 1961ರ ಜೂನಲ್ಲಿ ಅಸಲಿ ಮಾರುತ್ ಮೊದಲ ಸಲ ಹಾರ್ತು. ಹಾರಿಸಿದ್ದು ವಿಂಗ್ ಕಮಾಂಡರ್ ಸುರಂಜನ್ ದಾಸ್. ನಾನು ಆರು ವರ್ಷ ಹಾರ್ನ್ ಹೊಡೆದಿದ್ದು ಅವರ ಹೆಸರಿನ ರೋಡಲ್ಲಿ.

ಆದ್ರೆ ಗ್ಲೈಡರಲ್ಲಿ ಇಲ್ಲದೇ ಇದ್ದ ಆ ಒಂದು ಐಟಂ ಇದೆಯಲ್ಲ, ಎಂಜಿನ್, ಅದು ಕೊನೆವರೆಗೂ ಸರಿಯಾಗಿ ಸಿಗ್ಲೇ ಇಲ್ಲ. ಟ್ಯಾಂಕ್ ಲೆಕ್ಕ ಹಾಕಿದ್ದು ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್‌ಗೆ, ರೀಹೀಟ್ (ಎಂಜಿನ್ ಹಿಂದಿನ ಕೊಳವೆಯಲ್ಲಿ ಇನ್ನಷ್ಟು ಇಂಧನ ಸುಟ್ಟು ತಳ್ಳೋ ಶಕ್ತಿ ಹೆಚ್ಚಿಸೋ ವ್ಯವಸ್ಥೆ) ಸೇರಿ ಒಂದೊಂದೂ 8,000 ಪೌಂಡಿಗಿಂತ ಜಾಸ್ತಿ ತಳ್ಳೋ ಎಂಜಿನ್. ಅದನ್ನ ಪೂರ್ತಿ ಮಾಡೋಕೆ ಬ್ರಿಟನ್ ಸರ್ಕಾರ ದುಡ್ಡು ಹಾಕ್ಲಿಲ್ಲ, ಖರ್ಚು ನೀವು ಕೊಡಿ ಅಂದ್ರೆ ನಮ್ಮವರೂ ಕೊಡ್ಲಿಲ್ಲ. ಕೊನೆಗೆ ಕೂರ್ಸಿದ್ದು ರೀಹೀಟ್ ಇಲ್ಲದ ಆರ್ಫಿಯಸ್ 703, ತಲಾ 4,850 ಪೌಂಡ್. ಮದುವೆ ಮನೆ ಅಡುಗೆಗೆ ಸೀಮೆಎಣ್ಣೆ ಸ್ಟೌವ್ ತಂದಿಟ್ಟಂಗೆ. ಶಬ್ದದ ಎರಡು ಪಟ್ಟು ಹೋಗ್ಬೇಕಾದ ವಿಮಾನ ಶಬ್ದದ ವೇಗದ ಹತ್ತಿರ ಹತ್ತಿರ ಬಂದು ಏದುಸಿರು ಬಿಡ್ತಿತ್ತು. ನನಗೆ ಸಿಟ್ಟು ಬರೋದು ಇಲ್ಲೇ. ದುಡ್ಡಿರ್ಲಿಲ್ಲ ನಿಜ, ಆದ್ರೆ ಫೈಟರ್ ಪೂರ್ತಿ ನಾವೇ ಮಾಡ್ತೀವಿ ಅಂತ ಹೊರಟ ಮೇಲೆ ಎಂಜಿನ್ನಲ್ಲಿ ಉಳಿತಾಯ ಮಾಡೋದಾ?

ಆಮೇಲೆ ಈಜಿಪ್ಟ್ ಪ್ರಕರಣ. ಅಲ್ಲಿ ಎಚ್‌ಎ-300 ಅಂತ ಇನ್ನೊಂದು ಫೈಟರ್ ನಡೀತಿತ್ತು, ಅದರ ಮೂಲ ಡಿಸೈನ್ ವಿಲ್ಲಿ ಮೆಸ್ಸರ್‌ಸ್ಮಿಟ್ ಅವರದ್ದು, ಯುದ್ಧದ ಕಾಲದಲ್ಲಿ ಟ್ಯಾಂಕ್‌ಗೆ ಎದುರಾಳಿ ಕಂಪನಿಯವರು! ಆ ಫೈಟರಿಗೆ ಎಂಜಿನ್ ಮಾಡ್ತಿದ್ದೋರು ಆಸ್ಟ್ರಿಯಾದ ಎಂಜಿನಿಯರ್ ಬ್ರ್ಯಾಂಡ್ನರ್. ಆ ಎಂಜಿನ್ ನಮಗೂ ಆಗ್ಬಹುದು ಅಂತ ಒಂದು ಮಾರುತ್‌ನ ಈಜಿಪ್ಟಿಗೆ ಕಳಿಸಿದ್ವಿ, ಒಂದು ಕಡೆ ಅವರ ಎಂಜಿನ್ನು ಇನ್ನೊಂದು ಕಡೆ ಆರ್ಫಿಯಸ್ಸು ಹಾಕಿ 1967ರಲ್ಲಿ ಹಾರಿಸಿದ್ರು. 1964ರಲ್ಲಿ ಆ ಎಚ್‌ಎ-300ನ ಮೊದಲ ಸಲ ಹಾರಿಸಿದ್ದೂ ನಮ್ಮ ವಾಯುಪಡೆಯ ಕಪಿಲ್ ಭಾರ್ಗವ ಅವರೇ. ಆದ್ರೆ 1969ರಲ್ಲಿ ಈಜಿಪ್ಟಿನವರು ಪ್ರಾಜೆಕ್ಟನ್ನೇ ಮುಚ್ಚಿದ್ರು. ಟ್ಯಾಂಕ್ ಅಷ್ಟೊತ್ತಿಗೆ ಎಚ್‌ಎಎಲ್ ಬಿಟ್ಟಾಗಿತ್ತು.

ಇಲ್ಲಿ ಉಳಿದೋರು ಸುಮ್ನೆ ಕೂರ್ಲಿಲ್ಲ, ಇರೋ ಆರ್ಫಿಯಸ್ಸಿಗೇ ಬೆಂಗಳೂರಲ್ಲೇ ರೀಹೀಟ್ ಕೂರ್ಸಿ ನೋಡಿದ್ರು. 1970ರ ಜನವರಿಯಲ್ಲಿ ಸುರಂಜನ್ ದಾಸ್ ಆ ಹೊಸ ಮಾದರಿ ಹಾರಿಸುವಾಗ ಎಚ್‌ಎಎಲ್ ಏರ್‌ಪೋರ್ಟಲ್ಲೇ ವಿಮಾನ ಬಿದ್ದು ತೀರ್ಕೊಂಡ್ರು.

ಮಾರುತ್ ಏನೂ ವೇಸ್ಟ್ ಆಗ್ಲಿಲ್ಲ, ಒಟ್ಟು 147 ಕಟ್ಟಿದ್ರು, 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಕೆಳಮಟ್ಟದಲ್ಲಿ ಹಾರಿ ಒಳ್ಳೇ ಕೆಲಸ ಮಾಡ್ತು. ಒಂದು ವಿಮಾನ ಜರ್ಮನಿಯ ಮ್ಯೂಸಿಯಂ ಸೇರಿದೆ, ಟ್ಯಾಂಕ್ ಊರಿನವರೂ ನೋಡ್ಲಿ ಅಂತೇನೋ.

ಕಸ್ತೂರಬಾ ರೋಡ್ ಕಡೆ ಹೋದ್ರೆ ಬರೀ ಮೂತಿ ಮುಂದೆ ಸೆಲ್ಫಿ ತಗೊಂಡು ಬರ್ಬೇಡಿ, ಪಕ್ಕಕ್ಕೆ ಹೋಗಿ ಆ ರೆಕ್ಕೆ ಸರಿಯಾಗಿ ನೋಡಿ, ಅದೇ ಆಕಾರವನ್ನ ಮೊದ್ಲು ಮರದಲ್ಲಿ ಮಾಡಿ ಹಗ್ಗ ಕಟ್ಟಿ ಎಳೆದಿದ್ರು. ಆಮೇಲೆ ಹಿಂದ್ಗಡೆ ಹೋಗಿ ಎಂಜಿನ್ನಿನ ಎರಡು ಕೊಳವೆನೂ ನೋಡಿ. ನಾನು ಮುಂದಿನ ವಾರ ಇನ್ನೊಂದ್ಸಲ ಹೋಗ್ತಿದೀನಿ, ಈ ಸಲ ಮಕ್ಕಳನ್ನ ಬಿಟ್ಟು.