ಅಗ್ಗದ ಹೆಡ್‌ಲೈಟಿಗೆ ಸೊಂಟದ ಪ್ಯಾಕು

ಸುಳ್ಯ, ಪುತ್ತೂರು ಕಡೆ ರಬ್ಬರ್ ಟ್ಯಾಪಿಂಗ್ (ಮರದ ಪಟ್ಟೆ ಕೆತ್ತಿ ಹಾಲು ಇಳಿಸುವುದು) ಮಾಡುವವರು ಬೆಳಕು ಹರಿಯುವ ಮೊದಲೇ ತೋಟದಲ್ಲಿರುತ್ತಾರೆ. ಬಿಸಿಲೇರಿದರೆ ಹಾಲು ಇಳಿಯುವುದು ಕಡಿಮೆ. ಎರಡೂ ಕೈಗೆ ಕೆಲಸವಿರುವುದರಿಂದ ದೀಪ ಹಣೆಯ ಮೇಲೇ ಇರಬೇಕು. ಸಂತೆಯಲ್ಲಿ ಮುನ್ನೂರು ನಾನೂರು ರೂಪಾಯಿಗೆ ಸಿಗುವ ಹೆಡ್‌ಲೈಟು ಮೊದಲ ಅರ್ಧ ಗಂಟೆ ಹಗಲು ಮಾಡಿಬಿಡುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಮಿಣುಕು ದೀಪ. ಎಲ್‌ಇಡಿಯಲ್ಲಿ ದೋಷವಿಲ್ಲ, ಒಳಗಿನ ಸೆಲ್ಲು ಸಾಲದು, ಅಷ್ಟೇ. ಅದನ್ನು ತೆಗೆದು, ಹಲವು ಸೆಲ್ಲು ಸೇರಿಸಿ ಸೊಂಟಕ್ಕೆ ಕಟ್ಟುವ ದೊಡ್ಡ ಪ್ಯಾಕಿನಿಂದ ವೈರು ಎಳೆದರೆ ಇದೇ ದೀಪ ಬೆಳಗಿನ ತನಕ ಉರಿಯುತ್ತದೆ. (ನಮ್ಮೂರುಗಳಲ್ಲಿ ಟಾರ್ಚಿಗೇ ‘ಬ್ಯಾಟರಿ’ ಅನ್ನುವ ರೂಢಿ ಇರುವುದರಿಂದ ಇಲ್ಲಿ ಆ ಪದವನ್ನು ಆದಷ್ಟು ದೂರವಿಟ್ಟಿದ್ದೇನೆ. ದೀಪ, ಸೆಲ್ಲು, ಪ್ಯಾಕು, ಮೂರೇ.)

ಮೊದಲು ದೀಪವನ್ನು ಬಿಚ್ಚಿ ನೋಡಿ. ಹೆಬ್ಬೆರಳಿಗಿಂತ ತುಸು ಉದ್ದದ ಒಂದು 18650 ಲಿಥಿಯಂ ಸೆಲ್ಲಿದ್ದರೆ ಕೆಲಸ ಸಲೀಸು. ರಿಮೋಟಿಗೆ ಹಾಕುವಂಥ ಮೂರು ಸಣ್ಣ ಸೆಲ್ಲುಗಳಿದ್ದರೆ ಅದು 4.5 ವೋಲ್ಟಿನ ದೀಪ, ಅದೂ ಲಿಥಿಯಂ ಪ್ಯಾಕಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಗೋಡೆಯ ಸಾಕೆಟ್ಟಿಗೆ ನೇರ ಚುಚ್ಚುವ ಎರಡು ಪಿನ್ನಿನ ದೀಪವಾದರೆ ಮಾತ್ರ ಎಚ್ಚರ. ಅಗ್ಗದವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪಾಸಿಟರಿನಿಂದಲೇ 230 ವೋಲ್ಟನ್ನು ಇಳಿಸಿರುತ್ತಾರೆ. ಚಾರ್ಜಿಗೆ ಹಾಕಿದಾಗ ಒಳಗಿನ ಎಲ್ಲಾ ವೈರಿನಲ್ಲೂ ಕರೆಂಟು ಹೊಡೆಯುತ್ತದೆ, ನೀವು ಹೊರಗೆಳೆದ ವೈರಿನಲ್ಲೂ. ಪಿನ್ನಿಗೆ ಹೋಗುವ ಎರಡೂ ವೈರು ಕತ್ತರಿಸಿ ಹಾಕದೆ ಮುಂದಿನ ಕೆಲಸ ಬೇಡ. ಯುಎಸ್‌ಬಿ ಚಾರ್ಜಿಂಗ್ ತೂತು ಇರುವ ದೀಪದಲ್ಲಿ ಆ ತೂತನ್ನು ಗಮ್ ಹಾಕಿ ಮುಚ್ಚಿಬಿಡಿ. ಇಲ್ಲದಿದ್ದರೆ ಯಾರೋ ಒಬ್ಬರು ಅಲ್ಲಿಂದಲೇ ಪ್ಯಾಕಿಗೆ ಚಾರ್ಜು ತುಂಬಲು ನೋಡುತ್ತಾರೆ.

ಪವರ್ ಬ್ಯಾಂಕನ್ನೇ ಜೋಡಿಸಬಾರದೇ ಅನ್ನುವವರಿದ್ದಾರೆ. ಅದರಿಂದ ಬರುವುದು 5 ವೋಲ್ಟ್. ಸೆಲ್ಲಿನ ಜಾಗಕ್ಕೆ ನೇರ ಕೊಟ್ಟರೆ ಎಲ್‌ಇಡಿ ಸುಡುತ್ತದೆ. ನಡುವೆ ಏನಾದರೂ ಹಾಕಿ ವೋಲ್ಟ್ ಇಳಿಸಿದರೂ, ದೀಪ ಸಣ್ಣ ಬೆಳಕಿನಲ್ಲಿದ್ದಾಗ ಯಾರೂ ಕರೆಂಟು ಎಳೆಯುತ್ತಿಲ್ಲ ಅಂದುಕೊಂಡು ಎಷ್ಟೋ ಪವರ್ ಬ್ಯಾಂಕುಗಳು ತಾವೇ ಆಫ್ ಆಗುತ್ತವೆ.

ಪ್ಯಾಕಿಗೆ 2600 ಎಂಎಎಚ್‌ನ (ಸೆಲ್ಲು ಎಷ್ಟು ಚಾರ್ಜು ಹಿಡಿಯುತ್ತದೆ ಅನ್ನುವ ಅಳತೆ) ಮೂರು ಸೆಲ್ಲು ಸಾಕು. ಮೂರನ್ನೂ ಪ್ಯಾರಲಲ್ ಆಗಿ, ಅಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಬೇಕು. ವೋಲ್ಟ್ 3.7 ಆಗಿಯೇ ಉಳಿದು ಹಿಡಿಯುವ ಚಾರ್ಜು 7800 ಎಂಎಎಚ್ ಆಗುತ್ತದೆ. 1 ಆಂಪಿಯರ್ ಎಳೆಯುವ ದೀಪ ಆರು ಗಂಟೆ ದಾಟುತ್ತದೆ. ಅಂಗಡಿಯಲ್ಲಿ ಸಿಗುವ ಮೂರು ಸೆಲ್ಲಿನ ಹೋಲ್ಡರು ಮಾತ್ರ ಹೆಚ್ಚಾಗಿ ಸೀರೀಸ್ (ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್) ಆಗಿರುತ್ತದೆ, ಹಾಗೇ ಕೊಟ್ಟರೆ 11 ವೋಲ್ಟ್ ದಾಟಿ ದೀಪದ ಕಥೆ ಮುಗಿಯಿತು. ಪ್ಯಾರಲಲ್ ಮಾಡಿಕೊಂಡ ಹೋಲ್ಡರಿನಲ್ಲೂ ಅಪಾಯವಿದೆ. ಕತ್ತಲಲ್ಲಿ ಒಂದು ಸೆಲ್ಲನ್ನು ತಿರುಗುಮುರುಗಾಗಿ ಹಾಕಿದರೆ ಉಳಿದೆರಡು ಅದರ ಮೂಲಕ ನೇರ ಶಾರ್ಟ್ ಆಗುತ್ತವೆ. ಹೊರಗಿನ ವೈರಿಗೆ ಹಾಕಿದ ಫ್ಯೂಸು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಪ್ಯಾಕ್ ಕಟ್ಟುವವರ ಹತ್ತಿರ ನಿಕ್ಕಲ್ ಪಟ್ಟಿಯಿಂದ ಸ್ಪಾಟ್ ವೆಲ್ಡಿಂಗ್ ಮಾಡಿಸುವುದೇ ಮೇಲು. ಸೆಲ್ಲಿನ ಮೇಲೆ ನೇರ ಸೋಲ್ಡರ್ ಮಾಡಬೇಡಿ, ಆ ಬಿಸಿ ಒಳಗಿನ ಪದರವನ್ನು ಹಾಳು ಮಾಡುತ್ತದೆ.

ಸೇರಿಸುವ ಮುಂಚೆ ಮೂರರ ವೋಲ್ಟನ್ನೂ ಮಲ್ಟಿಮೀಟರಿನಲ್ಲಿ ನೋಡಿ. ವ್ಯತ್ಯಾಸ 0.05 ಮೀರಬಾರದು. ಒಂದು 4.1, ಇನ್ನೊಂದು 3.5 ಇದ್ದರೆ ಮುಟ್ಟಿಸಿದ ಕ್ಷಣ ಐದಾರು ಆಂಪಿಯರ್ ಹರಿಯುತ್ತದೆ. ಬೇರೆ ಬೇರೆಯಾಗಿ ಫುಲ್ ಚಾರ್ಜ್ ಮಾಡಿಕೊಂಡು ಆಮೇಲೆ ಸೇರಿಸುವುದು ಸುಲಭದ ದಾರಿ. 9900 ಎಂಎಎಚ್ ಅಂತ ಬರೆದ 18650 ಸೆಲ್ಲು ಕಂಡರೆ ಮುಂದಕ್ಕೆ ಹೋಗಿ, ಈ ಅಳತೆಯ ಡಬ್ಬಿಯಲ್ಲಿ ಅಷ್ಟು ಹಿಡಿಸುವುದೇ ಇಲ್ಲ. ಅಂಗೈಯಲ್ಲಿಟ್ಟು ತೂಗಿ ನೋಡಿ. ಒಳ್ಳೆಯದು 45 ಗ್ರಾಂ ಆಸುಪಾಸು ಇರುತ್ತದೆ, ಬೆಂಡಿನಂತೆ ಹಗುರವಾಗಿದ್ದರೆ ಮೋಸ. ಹಳೇ ಲ್ಯಾಪ್‌ಟಾಪಿನ ಸೆಲ್ಲು ಬಳಸಬಹುದು. ಆದರೆ 2 ವೋಲ್ಟಿಗಿಂತ ಕೆಳಗೆ ಬಿದ್ದದ್ದು, ಚಾರ್ಜಾಗುವಾಗ ಬಿಸಿಯೇರುವುದು, ಫುಲ್ ಮಾಡಿ ವಾರ ಇಟ್ಟರೆ 4.1ರ ಕೆಳಗೆ ಇಳಿಯುವುದು, ಇವನ್ನು ಬದಿಗಿಡಿ.

ಚಾರ್ಜಿಗೆ ಟಿಪಿ4056 ಅನ್ನುವ ಸಣ್ಣ ಬೋರ್ಡು, ವೈರು ಬೆಸೆಯಲು ಆರು ಜಾಗವಿರುವ, ಪ್ರೊಟೆಕ್ಷನ್ (ಸೆಲ್ಲು ಪೂರ್ತಿ ಬರಿದಾಗದಂತೆ ಕಾಯುವುದು) ಇರುವಂಥದ್ದು. ಪ್ಯಾಕಿನ ವೈರು ಬಿ ಪ್ಲಸ್, ಬಿ ಮೈನಸ್‌ಗೆ, ದೀಪದ ವೈರು ಔಟ್ ಪ್ಲಸ್, ಔಟ್ ಮೈನಸ್‌ಗೆ. ದೀಪವನ್ನು ಬಿ ಮೈನಸ್‌ಗೆ ಸೇರಿಸಿದರೂ ಚೆನ್ನಾಗಿ ಉರಿಯುತ್ತದೆ, ತಪ್ಪು ಗೊತ್ತಾಗದಿರುವುದು ಅದಕ್ಕೇ. ಹಾಗೆ ಮಾಡಿದಾಗ ಪ್ರೊಟೆಕ್ಷನ್ ಪಕ್ಕಕ್ಕೆ ಉಳಿದು, ಮರೆತು ಬಿಟ್ಟ ದೀಪ ಸೆಲ್ಲನ್ನು ಪೂರ್ತಿ ಬರಿದು ಮಾಡುತ್ತದೆ. 1 ಆಂಪಿಯರಿನಲ್ಲಿ ತುಂಬಲು ಎಂಟೊಂಬತ್ತು ಗಂಟೆ ಬೇಕು. ಚಾರ್ಜಾಗುವಾಗ ದೀಪ ಹಚ್ಚಬೇಡಿ, ಫುಲ್ ಆದದ್ದು ತಿಳಿಯದೆ ಬೋರ್ಡಿನ ಮೇಲಿನ ಕೆಂಪು ದೀಪ ಆರುವುದೇ ಇಲ್ಲ. ಟೈಪ್ ಸಿ ಬೋರ್ಡು ಎರಡೂ ತುದಿ ಸಿ ಇರುವ ಕೇಬಲಿನಲ್ಲಿ ಚಾರ್ಜ್ ಆಗದಿದ್ದರೆ ಬೋರ್ಡು ಸತ್ತಿದೆ ಅಂದುಕೊಳ್ಳಬೇಡಿ, ಹಳೇ ಚಪ್ಪಟೆ ಯುಎಸ್‌ಬಿಯ ಕೇಬಲ್ ಹಾಕಿ ನೋಡಿ.

ಇಷ್ಟೆಲ್ಲ ಮಾಡಿ ಕೊನೆಗೆ ವೈರಿನಲ್ಲಿ ಎಡವುವವರೇ ಹೆಚ್ಚು. ಸೊಂಟದಿಂದ ಹಣೆಗೆ 1.2 ಮೀಟರ್, ಹೋಗಿ ಬರುವುದು ಸೇರಿ 2.4 ಮೀಟರ್. ಹಳೇ ಮೊಬೈಲ್ ಚಾರ್ಜರಿನ ಕೂದಲೆಳೆಯಂಥ 28 ಗೇಜ್ ವೈರಾದರೆ ಅಷ್ಟು ಉದ್ದಕ್ಕೆ ಅರ್ಧ ಓಮ್. 1 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಖರ್ಚು. ಸೆಲ್ಲು 4.2ರಿಂದ 3ಕ್ಕೆ ಇಳಿಯುವಂಥದ್ದು, ಎಲ್‌ಇಡಿಗೆ ಬೇಕಾದದ್ದು ಸುಮಾರು 3. ಇರುವ ಅಷ್ಟೇ ಅಂತರದಲ್ಲಿ ಅರ್ಧ ವೋಲ್ಟ್ ಹೋದರೆ ಪ್ಯಾಕಿನಲ್ಲಿ ಅರ್ಧ ಚಾರ್ಜು ಉಳಿದಿರುವಾಗಲೇ ದೀಪ ಮಂಕು. 0.5 ಸ್ಕ್ವೇರ್ ಎಂಎಂನ ಎರಡೆಳೆ ಫ್ಲೆಕ್ಸಿಬಲ್ ವೈರು ಹಾಕಿದರೆ ನಷ್ಟ 0.1 ವೋಲ್ಟಿನೊಳಗೆ. ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಸೋಲ್ಡರ್ ಹಿಡಿಯದು, ನಾಲ್ಕು ಸಲ ಬಾಗಿದರೆ ತುಂಡು.

ನಡುವಿನ ಜೋಡಣೆಗೆ ಸಿಸಿ ಕ್ಯಾಮೆರಾದವರು ಬಳಸುವ ದುಂಡು ಡಿಸಿ ಪಿನ್ನು ಸಾಕು. ಪ್ಯಾಕಿನ ಕಡೆ ಫೀಮೇಲ್ (ತೂತಿರುವುದು), ದೀಪದ ಕಡೆ ಮೇಲ್ (ಚುಚ್ಚುವುದು). ಕಚ್ಚಿ ಹಿಡಿಯುವ ಕನೆಕ್ಟರಿಗಿಂತ ಎಳೆದರೆ ಬಿಡುವ ಇದೇ ವಾಸಿ, ಕೊಂಬೆಗೆ ವೈರು ಸಿಕ್ಕಿದಾಗ ಪಿನ್ನು ಕಳಚುತ್ತದೆ, ಸೋಲ್ಡರ್ ಉಳಿಯುತ್ತದೆ. ಆದರೆ ಮನೆಯ 12 ವೋಲ್ಟಿನ ಅಡಾಪ್ಟರಿಗೂ ಇದೇ ಪಿನ್ನು, ಹಾಗಾಗಿ ಕೆಂಪು ಟೇಪು ಸುತ್ತಿ ಗುರುತು ಮಾಡಿ. ಪ್ಲಸ್ ವೈರಿನಲ್ಲಿ ಪ್ಯಾಕಿನ ಹತ್ತಿರವೇ 3 ಆಂಪಿಯರಿನ ಫ್ಯೂಸು ಇರಲಿ. ದೀಪದೊಳಗೆ ಬರುವಲ್ಲಿ ವೈರಿಗೆ ಒಂದು ಗಂಟು ಹಾಕಿ, ಆ ತೂತನ್ನು ಸಿಲಿಕೋನಿನಿಂದ ಮುಚ್ಚಿ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಹುಳಿಗೆ ತಾಮ್ರ ಹಸಿರುಗಟ್ಟುತ್ತದೆ. ನ್ಯೂಟ್ರಲ್ ಅಂತ ಬರೆದದ್ದನ್ನೇ ಕೇಳಿ ತನ್ನಿ.

ಹೊಸ ಪ್ಯಾಕು ಹಾಕಿದ ಮೇಲೆ ಬೆಳಕು ಮೊದಲಿಗಿಂತ ಜಾಸ್ತಿ ಕಾಣಬಹುದು. ಖುಷಿಪಡುವ ಮುಂಚೆ ದೀಪದ ಹಿಂಬದಿ ಮುಟ್ಟಿ ನೋಡಿ. ಇಂಥ ದೀಪಗಳಲ್ಲಿ ಕರೆಂಟನ್ನು ಹಿಡಿದಿಡುವ ಸರ್ಕ್ಯೂಟು ಹೆಸರಿಗಷ್ಟೇ, ಹಳೇ ಸೆಲ್ಲಿನ ನಿಶ್ಶಕ್ತಿಯೇ ಎಲ್‌ಇಡಿಯನ್ನು ಕಾಯುತ್ತಿತ್ತು. ಪ್ಯಾಕು ಫುಲ್ ಇರುವಾಗ ಮೀಟರಿನ ಕೆಂಪು ವೈರನ್ನು ಅದರ 10 ಆಂಪಿಯರಿನ ತೂತಿಗೆ ಹಾಕಿ, ದೀಪದ ಪ್ಲಸ್ ವೈರಿನ ನಡುವೆ ಸೇರಿಸಿ ಅಳೆಯಿರಿ. ಹಳೇ ಸೆಲ್ಲಿನಲ್ಲಿ 1 ಇದ್ದದ್ದು ಈಗ ಒಂದೂವರೆ ಆಗಿದ್ದರೆ ಪ್ಲಸ್ ವೈರಿನಲ್ಲಿ 0.33 ಓಮಿನ 2 ವ್ಯಾಟ್ ರೆಸಿಸ್ಟರ್ ಸೇರಿಸಿ. ಅದೂ ಬಿಸಿಯಾಗುತ್ತದೆ, ದೀಪದೊಳಗೆ ತುರುಕದೆ ಸೊಂಟದ ಡಬ್ಬಿಯಲ್ಲಿ ಸೆಲ್ಲುಗಳಿಂದ ದೂರಕ್ಕೆ ಕೂರಿಸಿ. ಹತ್ತು ನಿಮಿಷ ಉರಿಸಿದ ಮೇಲೂ ದೀಪದ ಹಿಂಬದಿಯಲ್ಲಿ ಬೆರಳು ನಿಲ್ಲುವಂತಿರಬೇಕು. ನಿಲ್ಲದಿದ್ದರೆ ಸಣ್ಣ ಬೆಳಕಿನಲ್ಲೇ ಇಟ್ಟುಕೊಳ್ಳಿ, ರಬ್ಬರ್ ಪಟ್ಟೆ ಕಾಣಲು ಅದು ಧಾರಾಳ.