ಬುಧವಾರ ಸಂಜೆ, ಸಿಟಿ ಹಾಲ್‌ನಲ್ಲಿ

ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ್ಮೇಲೆ ನಂಗೆ ತುಂಬಾ ಹಿಡಿಸಿದ್ದು ಇಲ್ಲಿನ ಪೊಲೀಸ್ ಕಮಿಷನ್, ಅಂದ್ರೆ ಪೊಲೀಸ್ ಇಲಾಖೆ ಮೇಲೆ ಕಣ್ಣಿಡೋ ಸಮಿತಿ. ಹೆಸರು ಕೇಳಿ ನಮ್ಮ ಕಡೆ ಕಮಿಷನರ್ ಆಫೀಸ್ ಥರ ಅನ್ಕೋಬೇಡಿ, ಇಲ್ಲಿರೋ 7 ಜನಾನೂ ಸಾಮಾನ್ಯ ನಾಗರಿಕರೇ, 4 ಜನರ ಹೆಸರು ಮೇಯರ್ ಕೊಡ್ತಾರೆ, 3 ಜನರದ್ದು ಬೋರ್ಡ್ ಆಫ್ ಸೂಪರ್‌ವೈಸರ್ಸ್, ಅಂದ್ರೆ ಇಲ್ಲಿನ ನಗರಸಭೆ.

ಮೊದ್ಲು ಕನಿಷ್ಠ 1,971 ಪೊಲೀಸರು ಇರ್ಲೇಬೇಕು ಅಂತ ಸಿಟಿ ಚಾರ್ಟರ್‌ನಲ್ಲೇ, ಅಂದ್ರೆ ನಗರದ ಮೂಲ ಕಾನೂನಿನಲ್ಲೇ ಬರ್ದಿತ್ತು, 2020ರಲ್ಲಿ ಜನ ವೋಟ್ ಹಾಕಿ ಅದನ್ನ ತೆಗೆಸಿದ್ರು, ಈಗ 2 ವರ್ಷಕ್ಕೊಮ್ಮೆ ಪೊಲೀಸ್ ಚೀಫು ಎಷ್ಟು ಜನ ಬೇಕು, ಯಾಕೆ ಬೇಕು ಅಂತ ಕಮಿಷನ್ ಮುಂದೆ ಲೆಕ್ಕ ಇಡ್ಬೇಕು, ಅದೂ ಎಲ್ಲರೆದುರೇ. ಇದು ನಂಗೆ ನಿಜವಾಗ್ಲೂ ದೊಡ್ಡ ವಿಷ್ಯ ಅನ್ಸುತ್ತೆ.

ಒಂದ್ಸಲ ಕಮಿಷನ್ ಮೀಟಿಂಗ್‌ಗೆ ಹೋಗಿ ಕೂತಿದ್ದೆ. ಒಬ್ರು ಅಜ್ಜಿ ಮಡಚಿ ಮಡಚಿ ಸವೆದಿದ್ದ ಚೀಟಿ ಹಿಡ್ಕೊಂಡು ಮೈಕ್ ಮುಂದೆ ನಿಂತು, ರಾತ್ರಿ ನಮ್ ಬೀದೀಲಿ ನಡ್ಕೊಂಡು ಗಸ್ತು ಹೊಡೆಯೋರು ಎಷ್ಟು ಜನ ಅಂತ ಕೇಳಿದ್ರು. ಮಾತಾಡೋಕೆ ಕೊಟ್ಟಿದ್ದ ಟೈಮ್ ಮುಗಿದು ಬೆಲ್ ಹೊಡೀತು, ಅಜ್ಜಿ ಅಲ್ಲಾಡ್ಲಿಲ್ಲ.